ಅಪ್‌ಡೇಟ್: ಪಿಸಿಓಎಸ್ (ಹೆಂಗಸರಲ್ಲಿ ಮುಟ್ಟು ಏರುಪೇರಾಗಿಸುವ ಹಾರ್ಮೋನ್ ತೊಂದರೆ) ಇದ್ದು ಫಾಸ್ಟಿಂಗ್ ಶುಗರ್ 92 ಬಂದರೆ ಸಾಕೇ?

ಸಾಕಾಗುವುದಿಲ್ಲ ಅಂತ ಈಗ ಖಚಿತವಾಯಿತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಪಿಸಿಓಎಸ್ ಇರುವ ಹಲವರಲ್ಲಿ ಆಗುವಂತೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಖಾಲಿ ಹೊಟ್ಟೆಯ ಸಕ್ಕರೆಯನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ. ಏರುಪೇರು ಮೊದಲು ಕಾಣುವುದು ಊಟದ ನಂತರ. ಅದಕ್ಕೇ ಪಿಸಿಓಎಸ್ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ, ತೂಕ ಎಷ್ಟೇ ಇರಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಜಿಟಿಟಿಗೇ (ಗ್ಲೂಕೋಸನ್ನು ದೇಹ ಹೇಗೆ ನಿಭಾಯಿಸುತ್ತದೆ ಎಂದು ನೋಡುವ ರಕ್ತಪರೀಕ್ಷೆ) ಮೊದಲ ಸ್ಥಾನ ಕೊಟ್ಟಿದೆ. 1ರಿಂದ 3 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. 2 ಗಂಟೆಯ ಅಂಕಿ 140–199 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ.

ಪರೀಕ್ಷೆ ಕೆಡುವುದು ತಯಾರಿಯಲ್ಲೇ. ಹಿಂದಿನ 3 ದಿನ ಅನ್ನ, ಮುದ್ದೆ ಬಿಡಬೇಡಿ. ಬಿಟ್ಟರೆ ಅಂಕಿ ಸುಳ್ಳೇ ಏರುತ್ತದೆ. ಹಿಂದಿನ ರಾತ್ರಿಯಿಂದ ಕನಿಷ್ಠ 8 ತಾಸು ಉಪವಾಸವಿರಿ, ಗ್ಲೂಕೋಸ್ ನೀರನ್ನು 5 ನಿಮಿಷದೊಳಗೆ ಮುಗಿಸಿ, 2 ಗಂಟೆ ಕೂತೇ ಇರಿ. ವಾಂತಿಯಾದರೆ ಬೇರೆ ದಿನ ಮಾಡಿಸಿ.

ಹೃದಯದ ಲೆಕ್ಕಕ್ಕೆ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ವರ್ಷಕ್ಕೊಮ್ಮೆ ಬಿಪಿ. ಅದರಲ್ಲಿ ಟ್ರೈಗ್ಲಿಸರೈಡ್ (ರಕ್ತದ ಒಂದು ಬಗೆಯ ಕೊಬ್ಬು) 150 ದಾಟಿ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 50ಕ್ಕಿಂತ ಇಳಿದಿದ್ದರೆ, ಒಟ್ಟು ಕೊಲೆಸ್ಟ್ರಾಲ್ ಚೆನ್ನಾಗಿದ್ದರೂ ಸುಮ್ಮನಿರಬೇಡಿ. ಸೊಂಟದ ಸುತ್ತಳತೆ ನಮ್ಮವರಿಗೆ 80 ಸೆಂ.ಮೀ. ಒಳಗಿರಲಿ. ಮುಟ್ಟು ಸರಿಪಡಿಸಲು ಈಸ್ಟ್ರೋಜನ್ ಇರುವ ಮಾತ್ರೆ ಬರೆದುಕೊಟ್ಟರೆ, ಶುರುಮಾಡುವ ಮೊದಲೇ ಬಿಪಿ ನೋಡಿಸಿ.