ಪದಚರ್ಚೆ: ಕಸೂತಿಯ ಫಿನಿಶಿಂಗಿಗೆ 'ಒಪ್ಪ ಮಾಡು' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ನೆರವು ಬೇಕು. ಪದ ಚಿಕ್ಕದು, ಹಿಂದಿನ ಕತೆ ಸ್ವಲ್ಪ ಉದ್ದ.

ಶನಿವಾರ ಮಧ್ಯಾಹ್ನ ಮೈಸೂರಿನ ನಮ್ಮ ಮನೆಯಲ್ಲಿ ಅಕ್ಕಪಕ್ಕದ ಆರು ಜನ ಹೆಂಗಸರು ಸೇರಿ ಕ್ರಾಸ್ ಸ್ಟಿಚ್ ಹಾಕುತ್ತೇವೆ, ಅಂದರೆ × ಗುರುತಿನಂಥ ಹೊಲಿಗೆಯಿಂದ ಬಟ್ಟೆಯ ಮೇಲೆ ಚಿತ್ರ ಮೂಡಿಸುವುದು. ದೊಡ್ಡದೇನೂ ಅಲ್ಲ. ಪುಸ್ತಕದ ನಡುವೆ ಇಡುವ ಪಟ್ಟಿ, ಬೀಗದ ಕೈಗೆ ತೂಗುವ ಗಿಳಿ, ಅಂಗೈಯಷ್ಟು ಸೂಜಿಮೆತ್ತೆ, ಗೋಡೆಗೆ ಒಂದು ಪುಟ್ಟ ತುಳಸಿಕಟ್ಟೆ, ಇಂಥವು. ಇವರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಮೂರು ಪುಟ ಸಲೀಸಾಗಿ ಬಂತು. ಯಾಕೆಂದರೆ ಅದಕ್ಕೆ ಬೇಕಾದ ಮಾತೆಲ್ಲ ನಮ್ಮ ನಡುವೆಯೇ ಓಡಾಡುತ್ತಿತ್ತು. ಬಟ್ಟೆಗೆ ಮ್ಯಾಟಿ ಅನ್ನುತ್ತೇವೆ. ಅದರ ಒಂದೊಂದು ಚೌಕಕ್ಕೆ 'ಮನೆ', ಚೌಕಾಬಾರದ ಮನೆಯ ಹಾಗೆ. 14 ಕೌಂಟ್ ಬಟ್ಟೆ ಅಂದರೆ ಒಂದು ಇಂಚಿಗೆ 14 ಮನೆ. ಗಿಳಿ 42 ಮನೆ ಅಗಲ, 56 ಮನೆ ಎತ್ತರ ಇದ್ದರೆ ಮೂರು ಇಂಚು, ನಾಲ್ಕು ಇಂಚು ಆಯಿತು. ಹೊಲಿಗೆಗೆ 'ಇಂಟು'. 'ಎರಡು ಮನೆ ಬಿಟ್ಟು ಇಂಟು ಹಾಕಿ' ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ದಾರದ ಲಡಿಯಲ್ಲಿ ಆರು ಎಳೆ, ಅದರಲ್ಲಿ ಎರಡೆಳೆ ಬಿಡಿಸಿ ಪೋಣಿಸಿ ಅಂತ ಬರೆದೆ. ಯಾರೂ ತಕರಾರು ಮಾಡಲಿಲ್ಲ.

ನಾಲ್ಕನೆಯ ಪುಟದ ತಲೆಬರಹಕ್ಕೆ ಬಂದು ನಿಂತೆ.

ಇಂಗ್ಲಿಷಿನಲ್ಲಿ ಅದಕ್ಕೆ ಫಿನಿಶಿಂಗ್ ಅನ್ನುತ್ತಾರೆ. ಕೊನೆಯ ಇಂಟು ಬಿದ್ದ ಮೇಲೆ ಶುರುವಾಗುವ ಕೆಲಸ ಅದು. ತೊಳೆಯಬೇಕು, ಇಸ್ತ್ರಿ ಮಾಡಬೇಕು, ಅಂಚು ಮಡಚಬೇಕು, ಹಿಂದಕ್ಕೊಂದು ಅಸ್ತರು ಕೊಡಬೇಕು, ರಟ್ಟಿಗೆ ಬಿಗಿಯಬೇಕು, ಕುಚ್ಚು ಕಟ್ಟಬೇಕು. ಇಷ್ಟೂ ಸೇರಿ ಒಂದು ಹೆಸರು ಬೇಕಲ್ವಾ?

ಮೊದಲು 'ಮುಗಿಸುವುದು' ಅಂತ ಬರೆದೆ. ಸರಿಹೋಗಲಿಲ್ಲ. 'ಗಿಳಿ ಮುಗಿಸಿದೆ' ಅಂದರೆ ಹೊಲಿಗೆ ಮುಗಿಯಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಹಾಗೆ ಮುಗಿದ ಗಿಳಿಗಳು ನಮ್ಮ ಗುಂಪಿನಲ್ಲಿ ಹನ್ನೊಂದಿವೆ. ಒಂದು ಬಿಸ್ಕತ್ತಿನ ಡಬ್ಬದಲ್ಲಿ ಒಂದರ ಮೇಲೊಂದು ಮಲಗಿವೆ. ಯಾವುದೂ ಇನ್ನೂ ಬೀಗದ ಕೈಗೆ ಏರಿಲ್ಲ. ಡಬ್ಬದಲ್ಲಿರುವುದಕ್ಕೂ ಕೈಯಲ್ಲಿ ತೂಗುವುದಕ್ಕೂ ನಡುವೆ ಇರುವ ಕೆಲಸಕ್ಕೇ ಹೆಸರು ಬೇಕಿರುವುದು.

'ಅಂತಿಮ ಸ್ಪರ್ಶ' ಅನ್ನಬಹುದು ಅಂತ ಮಗ ಹೇಳಿದ. ಅದು ಪತ್ರಿಕೆಯ ಮಾತು. ಸಮಾವೇಶದ ವೇದಿಕೆಗೆ, ಬಜೆಟ್ಟಿಗೆ ಅಂತಿಮ ಸ್ಪರ್ಶ ಕೊಡುತ್ತಾರೆ. ಸೂಜಿ ಹಿಡಿದು ಕೂತವರ ಬಾಯಲ್ಲಿ ಅದು ಬರುವುದಿಲ್ಲ. ಅಲ್ಲದೆ, ಸುಮ್ನೆ ಬೆರಳು ಸೋಕಿಸಿದರೆ ಆಗುವ ಕೆಲಸವೂ ಇದಲ್ಲ. ಗಿಳಿ ಹಾಕಲು ಮೂರು ಸಂಜೆ ಹಿಡಿದರೆ ಇದಕ್ಕೆ ಇನ್ನೊಂದು ಸಂಜೆ ಪೂರ್ತಿ ಬೇಕು. 'ಫಿನಿಶಿಂಗ್' ಎಂದೇ ಇಟ್ಟುಕೊಳ್ಳಬಹುದು, ಟೈಲರ್ ಅಂಗಡಿಯಲ್ಲಿ ದಿನಾ ಕೇಳುವ ಪದ. ಆದರೆ ಅಲ್ಲಿ 'ಫಿನಿಶಿಂಗ್ ಚೆನ್ನಾಗಿದೆ' ಅಂದರೆ ಕೆಲಸ ಅಚ್ಚುಕಟ್ಟಾಗಿದೆ ಎಂದರ್ಥ. 'ಫಿನಿಶಿಂಗ್ ಬಾಕಿ ಇದೆ' ಅಂದರೆ ಹೆಮ್ಮಿಂಗ್, ಹುಕ್ಕು, ಕಾಜಾ ಬಾಕಿ ಎಂದರ್ಥ. ಒಂದು ಗುಣ, ಒಂದು ಕೆಲಸ. ನನಗೆ ಎರಡನೆಯದು ಬೇಕು, ಅದರಲ್ಲಿ ಮೊದಲನೆಯದರ ನೆರಳೂ ಇರಬೇಕು.

ಒಂದು ಮಾತು ಇಲ್ಲಿ ಹೇಳಲೇಬೇಕು. ಒಟ್ಟು ಹೆಸರು ಸಿಗದಿದ್ದರೂ ಬಿಡಿ ಕೆಲಸಗಳಿಗೆ ಕನ್ನಡದಲ್ಲಿ ಎಷ್ಟು ಚಂದದ ಮಾತುಗಳಿವೆ ಅನ್ನುವುದು ಈ ಪುಟ ಬರೆಯುವಾಗಲೇ ನನಗೆ ಗೊತ್ತಾಗಿದ್ದು. ಸೂಜಿಮೆತ್ತೆಯನ್ನೇ ನೋಡಿ. ಎರಡು ತುಂಡನ್ನು ಸೀದಾ ಮೈ ಒಳಗಿಟ್ಟು ಸುತ್ತ ಹೊಲಿಯುತ್ತೇವೆ, ಒಂದು ಕಡೆ ಎರಡು ಬೆರಳಷ್ಟು ಬಿಡುತ್ತೇವೆ. ಆ ಬಿಟ್ಟ ಜಾಗಕ್ಕೆ 'ಬಾಯಿ', ಚೀಲದ ಬಾಯಿ ಇದ್ದಂತೆ. ಬಾಯಿ ಬಿಟ್ಟು ಹೊಲಿ, ಬಾಯಿಂದ ತಿರುವಿ ಹಾಕು, ಹತ್ತಿ ತುಂಬು, ಬಾಯಿ ಮುಚ್ಚು. ನಾಲ್ಕೇ ಮಾತು, ಕೆಲಸ ಪೂರ್ತಿ ಕಣ್ಣಿಗೆ ಕಟ್ಟುತ್ತದೆ. ಇದನ್ನೇ ಇಂಗ್ಲಿಷ್ ಪಾಠದಿಂದ ಇಳಿಸಿಕೊಂಡು 'ತಿರುಗಿಸಲು ತೆರೆದ ಭಾಗವನ್ನು ಬಿಡಿ' ಅಂತ ಮೊದಲ ಕರಡಿನಲ್ಲಿ ಬರೆದಿದ್ದೆ. ಓದಿದ ಪಕ್ಕದ ಮನೆಯವರು 'ಬಾಯಿ ಬಿಡೋದಾ?' ಅಂತ ಕೇಳಿದರು. ಅಷ್ಟೇ, ಹಳೆಯ ಸಾಲು ಹೊಡೆದುಹಾಕಿದೆ.

ಅಂಚಿನ ಸುತ್ತ ಹಚ್ಚುವ ದಾರಕ್ಕೂ ಹಾಗೆಯೇ. ಮೂರು ಬಣ್ಣದ ಎಳೆ ಸೇರಿಸಿ ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ ತಿರುಚುತ್ತಾ ಹೋಗಬೇಕು. ಸಾಕಷ್ಟು ತಿರುಚಿದ ಮೇಲೆ ನಡುವೆ ಹಿಡಿದು ಮಡಚಿದರೆ ತಾನೇ ಸುತ್ತಿಕೊಳ್ಳುತ್ತದೆ. ಅದು 'ಹುರಿ'. ಹುರಿ ಮಾಡುವುದು, ಹೊಸೆಯುವುದು. ದೇವರ ದೀಪಕ್ಕೆ ಬತ್ತಿ ಹೊಸೆದ ಕೈಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ. ಪಟ್ಟಿಯ ತುದಿಗೆ ಕುಚ್ಚು ಇದ್ದೇ ಇದೆ. ಸೀರೆ ಸೆರಗಿಗೆ ಕುಚ್ಚು ಕಟ್ಟಿ ಮನೆ ನಡೆಸುವ ಹೆಂಗಸರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಗುಂಡಗೆ ಉಣ್ಣೆಯ ಉಂಡೆಯ ಹಾಗಿದ್ದರೆ ಅದು ಗೊಂಡೆ, ಮಕ್ಕಳ ಟೋಪಿಯ ತುದಿಯಲ್ಲೂ ಎತ್ತಿನ ಕೊಂಬಿನಲ್ಲೂ ಇರುವುದು. ಕುಚ್ಚು ಬೇರೆ, ಗೊಂಡೆ ಬೇರೆ, ಇದನ್ನು ಯಾರೂ ತಪ್ಪು ಹೇಳುವುದಿಲ್ಲ.

ರಟ್ಟಿಗೆ ಬಿಗಿಯುವುದಕ್ಕೆ ಮಾತ್ರ ಸ್ವಲ್ಪ ತಡಕಾಡಿದೆ. ಬಟ್ಟೆಯನ್ನು ರಟ್ಟಿನ ಹಿಂದಕ್ಕೆ ಮಡಚಿ, ಈ ಅಂಚಿನಿಂದ ಆ ಅಂಚಿಗೆ ಗಟ್ಟಿ ದಾರ ಎಳೆದು ಎಳೆದು ಬಿಗಿಯುತ್ತೇವೆ. ಅಂಟು ಹಾಕುವುದಕ್ಕಿಂತ ಇದು ಒಳ್ಳೆಯದು. ಅಂಟು ವರ್ಷ ಕಳೆದಂತೆ ಬಟ್ಟೆಯಲ್ಲಿ ಹಳದಿ ಕಲೆ ಬಿಡಬಹುದು, ದಾರ ಬೇಕಾದಾಗ ಬಿಚ್ಚಬಹುದು. ಇದಕ್ಕಾಗಿ ಸುತ್ತ ಎರಡು ಇಂಚಾದರೂ ಬಟ್ಟೆ ಉಳಿಸಿಕೊಳ್ಳಬೇಕು. ಈ ಕೆಲಸಕ್ಕೆ 'ಬಾರು ಬಿಗಿಯುವುದು' ಅಂತ ಬರೆದಿದ್ದೇನೆ. ಮೃದಂಗದ ಎರಡು ಬಾಯಿಗಳ ನಡುವೆ ಬಾರು ಹೋಗಿ ಬಂದು ಬಿಗಿಯುವುದನ್ನು ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಬಾರು ಚರ್ಮದ್ದು, ಇದು ದಾರ ಅಂತ ಯಾರಾದರೂ ಆಕ್ಷೇಪಿಸಬಹುದು. ನನಗೆ ಅದು ತೊಡಕು ಅನ್ನಿಸಲಿಲ್ಲ. ನಿಮಗೆ?

ತೊಳೆಯುವುದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ತಣ್ಣೀರಲ್ಲಿ ಜಾಲಿಸಿ, ಹಿಂಡಬೇಡಿ, ಟವೆಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿ, ಇನ್ನೂ ಪಸೆ ಇರುವಾಗ ಮುಖ ಕೆಳಗೆ ಮಾಡಿ ಟವೆಲಿನ ಮೇಲೆ ಇಸ್ತ್ರಿ ಮಾಡಿ, ಹೊಲಿಗೆ ಚಪ್ಪಟೆಯಾಗುವುದಿಲ್ಲ. 'ಬಣ್ಣ ಬಿಡುತ್ತದೆಯೇ ನೋಡಿ' ಅನ್ನುವ ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದ ಕೆಂಪು ದಾರದಲ್ಲಿ ನಾನು ಗಿಳಿಯ ಕೊಕ್ಕು ಹಾಕಿದ್ದೆ. ಬಿಸಿನೀರಿಗೆ ಹಾಕಿದ್ದೇ ತಡ, ಕೆನೆ ಬಣ್ಣದ ಬಟ್ಟೆಯ ಮೇಲೆ ಕೊಕ್ಕಿನಿಂದ ಎದೆಯವರೆಗೆ ಗುಲಾಬಿ ಹರಿಯಿತು. ಆ ಬಟ್ಟೆ ಇನ್ನೂ ನನ್ನ ಹತ್ತಿರ ಇದೆ. ಹೊಸಬರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ಅದು ಸಿಕ್ಕಿದ್ದು ನಮ್ಮ ಅತ್ತೆಯವರ ಬಾಯಿಂದ.

ಅತ್ತೆ ಧಾರವಾಡದ ಕಡೆಯವರು. ಚಿಕ್ಕಂದಿನಲ್ಲಿ ಕಸೂತಿ ಕಲಿತವರು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸಿಯೇ ಹಾಕುವ ಕೈ. ನಾವು ಕ್ರಾಸ್ ಸ್ಟಿಚ್ ಅನ್ನುವುದಕ್ಕೆ ಅವರು 'ಮೆಂತಿ' ಅನ್ನುತ್ತಾರೆ, ಸಾಲಾಗಿ ಬಿದ್ದರೆ ಮೆಂತ್ಯದ ಕಾಳಿನಂತೆ ಕಾಣುತ್ತದೆ ಅಂತ. ಕಸೂತಿಯಲ್ಲಿ ಅದರ ಜೊತೆ ಇನ್ನೂ ಮೂರಿವೆ: ಗವಂತಿ, ಮುರ್ಗಿ, ನೇಗಿ. ನೇಗಿ ನೇಯ್ಗೆಯಂತೆ ಕಾಣುವುದು. ಗವಂತಿ ಮತ್ತು ಮುರ್ಗಿ ಎರಡೂ ಬದಿಯಿಂದ ಒಂದೇ ತರ ಇರಬೇಕು, ಹಿಂದೆ ಗಂಟು ಕಾಣಬಾರದು. ಮೆಂತಿಗೆ ಆ ಕಟ್ಟುಪಾಡು ಇಲ್ಲ. ದಾರ ಮಾತ್ರ ಮೆಂತಿಗೇ ಜಾಸ್ತಿ ಬೇಕು.

ನನ್ನ ತುಳಸಿಕಟ್ಟೆಯನ್ನು ಅವರ ಕೈಗೆ ಕೊಟ್ಟೆ. ಮುಂದೆ ನೋಡಲೇ ಇಲ್ಲ. ತಿರುವಿದರು. ಹೆಬ್ಬೆರಳನ್ನು ಹಿಂಬದಿಯ ಮೇಲೆ ನಿಧಾನವಾಗಿ ಎಳೆದರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಎರಡು ಕಡೆ ಬೆರಳು ನಿಂತಿತು. ಒಂದು ಗಂಟು, ಒಂದು ಉದ್ದ ಬಿಟ್ಟ ಎಳೆ.

'ಮುಂದ ಎಲ್ಲಾರೂ ಛಂದ ಹಾಕತಾರವಾ. ಹಿಂದ ಒಪ್ಪ ಇರಬೇಕು. ಇದನ್ನ ಇನ್ನಷ್ಟು ಒಪ್ಪ ಮಾಡು, ಆಮ್ಯಾಲ ಕಟ್ಟು ಹಾಕ್ಸು.'

ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಒಪ್ಪ. ಮನೆ 'ಒಪ್ಪ ಓರಣ' ಅನ್ನುತ್ತೇವಲ್ಲ, ಅದೇ. ನಿಘಂಟು ತೆಗೆದು ನೋಡಿದೆ. ಅಂದ, ಹೊಳಪು, ಉಜ್ಜಿ ಬರಿಸಿದ ಮೆರುಗು. ಒಪ್ಪ ಇಟ್ಟ ಚಿನ್ನ ಅಂದರೆ ಮೆರುಗು ಕೊಟ್ಟ ಚಿನ್ನ. ಜೊತೆಗೆ ಇನ್ನೊಂದು ಅರ್ಥ: ರುಜು. ಹಳೆಯ ಶಾಸನಗಳ ಕೊನೆಯಲ್ಲಿ ಅರಸರ ಒಪ್ಪ ಇರುತ್ತದೆ. ವಿಜಯನಗರದ ತಾಮ್ರಶಾಸನಗಳಲ್ಲಿ ಮೇಲೆ ಸಂಸ್ಕೃತದ ಪಾಠ ನಾಗರಿ ಲಿಪಿಯಲ್ಲಿದ್ದರೂ ಕೊನೆಗೆ ದೊಡ್ಡ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದು ದೇವರ ಹೆಸರನ್ನೇ ರುಜುವಾಗಿ ಕೆತ್ತಿರುವುದುಂಟು. ಅದು ಬಿದ್ದ ಮೇಲೆಯೇ ದಾನ ಪಕ್ಕಾ. ಕ್ರಾಸ್ ಸ್ಟಿಚ್ ಹಾಕುವವರೂ ಕೊನೆಗೆ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಮತ್ತು ವರ್ಷ ಹಾಕುತ್ತಾರಲ್ವಾ? ಹೊಳಪೂ ಒಪ್ಪ, ರುಜುವೂ ಒಪ್ಪ. ಟೈಲರನ ಫಿನಿಶಿಂಗಿನಲ್ಲಿ ನಾನು ಹುಡುಕುತ್ತಿದ್ದ ಗುಣ, ಕೆಲಸ ಎರಡೂ ಈ ಎರಡಕ್ಷರದಲ್ಲಿ ಕೂತಿವೆ. ಖುಷಿಯಿಂದ ತಲೆಬರಹ ಬರೆದೆ: 'ಒಪ್ಪ ಮಾಡುವುದು'.

ಶನಿವಾರ ಅದನ್ನು ಗಟ್ಟಿಯಾಗಿ ಓದಿದೆ. 'ಗಿಳಿಯನ್ನು ಒಪ್ಪ ಮಾಡುವ ಬಗೆ' ಅಂದಿದ್ದೇ ಮಂಡ್ಯ ಕಡೆಯ ನಮ್ಮ ಗೆಳತಿಯ ಕೈ ನಿಂತಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಕಡೆ ನೋಡಿದಳು.

'ಅಕ್ಕ, ಹಂಗನ್ಬೇಡಿ. ನಮ್ಮ ಕಡೆ ಹೆಣ ಒಪ್ಪ ಮಾಡೋದು ಅಂತೀವಿ.'

ಅವಳ ಮಾತು ನಿಜ. ಸತ್ತವರನ್ನು ಮಣ್ಣು ಮಾಡುವುದಕ್ಕೆ 'ಒಪ್ಪ ಮಾಡು' ಅನ್ನುವುದು ಹಳೆ ಮೈಸೂರಿನ ಹಳ್ಳಿಗಳಲ್ಲಿ ಇರುವ ಮಾತೇ. ನಾನೂ ಕೇಳಿದ್ದೆ, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ. ಅವಳ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆ ಮಾತು ಅವಳಿಗೆ ಬೇರೆ ಎಲ್ಲೋ ಹೋಗಿ ತಾಗಿತು. ನಾನು ಹಾಳೆ ಮಡಚಿಟ್ಟೆ. ಆ ದಿನ ಕಾಫಿ ಕುಡಿದು ಬೇರೆ ಮಾತಾಡಿದೆವು.

ಆಮೇಲೆ ಒಬ್ಬಳೇ ಕೂತು ಯೋಚಿಸಿದೆ. ಈ ಅರ್ಥವೂ ಮೂಲದಲ್ಲಿ ಬೇರೆಯದಲ್ಲ ಅಂತ ನನಗನ್ನಿಸುತ್ತದೆ. ಆಗಬೇಕಾದ ಕೊನೆಯ ಕೆಲಸವನ್ನು ಕುಂದಿಲ್ಲದೆ, ಮರ್ಯಾದೆಯಿಂದ ಮಾಡುವುದು. ಜನ ಕಷ್ಟದ ಹೊತ್ತಿಗೆ ಒಂದು ಮೆತ್ತನೆಯ ಮಾತು ಹುಡುಕಿಕೊಂಡಿದ್ದಾರೆ. ಧಾರವಾಡದ ಅತ್ತೆಗೂ ಮಂಡ್ಯದ ಗೆಳತಿಗೂ ಒಂದೇ ಪದ. ಒಬ್ಬರಿಗೆ ಬಟ್ಟೆಯ ಹಿಂಬದಿ ಕಾಣುತ್ತದೆ, ಇನ್ನೊಬ್ಬರಿಗೆ ತೋಟದ ಅಂಚಿನ ಮಣ್ಣು ಕಾಣುತ್ತದೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಹೊಲಿಯುವಾಗ ನಾನು ಯಾವುದನ್ನು ಬರೆಯಲಿ?

ಒಂದು ದಾರಿ ಹೊಳೆದಿದೆ. ಅಪಶಕುನ ಅನ್ನಿಸುವುದು 'ಒಪ್ಪ' ಅಲ್ಲ, 'ಒಪ್ಪ ಮಾಡು' ಅನ್ನುವ ಜೋಡಿ. 'ಒಪ್ಪ ಓರಣ' ಅಂದರೆ ಆ ಗೆಳತಿಗೂ ಏನೂ ಅನ್ನಿಸುವುದಿಲ್ಲ, ನಾನು ಕೇಳಿ ನೋಡಿದೆ. ಹಾಗಾದರೆ ಜೊತೆಯ ಕ್ರಿಯಾಪದ ಬದಲಿಸಿದರೆ ಆದೀತೇ? 'ಒಪ್ಪ ಇಡು', 'ಒಪ್ಪ ಹಾಕು', 'ಒಪ್ಪ ಕೊಡು' ಇವುಗಳಲ್ಲಿ ಒಂದು. ಇಲ್ಲವೇ ಕೆಲಸ ಸೇರಿಸಿ 'ಒಪ್ಪಗೆಲಸ'. 'ಗಿಳಿಯ ಒಪ್ಪಗೆಲಸ ಬಾಕಿ ಇದೆ' ಅಂದರೆ ನನ್ನ ಕಿವಿಗೆ ಹಿತವಾಗಿದೆ. 'ಕೊನೆಗೆಲಸ' ಅಂತಲೂ ಯೋಚಿಸಿದ್ದೆ, ಆದರೆ ಅದರಲ್ಲಿ ಅಂದದ ಮಾತೇ ಇಲ್ಲ, ಮೇಲಾಗಿ ಗೆಳತಿಗೆ ಅದೂ ಹಿಡಿಸಲಿಕ್ಕಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಊರ ಕಡೆ 'ಒಪ್ಪ ಮಾಡು' ಅಂದರೆ ಮೊದಲು ಏನು ನೆನಪಾಗುತ್ತದೆ? ಹಾಸನ, ತುಮಕೂರು, ಚಿತ್ರದುರ್ಗದ ಕಡೆಯವರು, ಕರಾವಳಿಯವರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಅಕ್ಕಸಾಲಿಗರು, ಬಡಗಿಗಳು, ನೇಕಾರರ ಮನೆಯವರು ಇಲ್ಲಿದ್ದರೆ, ಮಾಡಿದ ವಸ್ತುವನ್ನು ಗಿರಾಕಿಯ ಕೈಗೆ ಕೊಡುವ ಮುಂಚೆ ಮಾಡುವ ಕೆಲಸಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ನಿಘಂಟಿನ ಪದಕ್ಕಿಂತ ಅಜ್ಜಿ ಅಥವಾ ಅಪ್ಪ ಬಾಯಲ್ಲಿ ಆಡುತ್ತಿದ್ದ ಪದ ಇದ್ದರೆ ಜಾಸ್ತಿ ಸಂತೋಷ. ಆ ಮಾತು ಇದ್ದ ವಾಕ್ಯವನ್ನೇ ಹಾಗೇ ಬರೆದು ಕಳಿಸಿ.

ಮುಂದಿನ ಶುಕ್ರವಾರ ಕೈಪಿಡಿಯನ್ನು ಜೆರಾಕ್ಸ್ ಮಾಡಿಸಬೇಕು. ಅಲ್ಲಿಯವರೆಗೆ ನಾಲ್ಕನೆಯ ಪುಟದ ಮೇಲೆ ಒಂದು ಸಾಲಿನ ಜಾಗ ಬಿಟ್ಟಿದ್ದೇನೆ.