ಪ್ರೈಮರ್ ಹೊಡೆದರೆ ಉಸುಕು ಉಸುಕು, ವಾರ್ನಿಷ್ ಹೊಡೆದರೆ ಬಿಳಿ: ಎಲ್ಲಿ ತಪ್ಪುತ್ತಿದೆ?

ಮಾಳಿಗೆ ಸೈನ್ಯ, ಕಲಬುರಗಿ:

ನಮಸ್ಕಾರ ಎಲ್ಲರಿಗೂ. ಎರಡು ತೊಂದರೆ ಒಟ್ಟಿಗೇ ಬಂದಿವೆ, ಎರಡನ್ನೂ ಇಲ್ಲೇ ಹೇಳಿಬಿಡ್ತೀನಿ.

ನನ್ನ ಹತ್ತಿರ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧದಾಟ ಆಡುವ, 28 ಮಿಮೀ ಅಳತೆಯ ಗಟ್ಟಿ ಪ್ಲಾಸ್ಟಿಕ್ ಸೈನಿಕರ ಒಂದು ಡಬ್ಬಿ ಇದೆ. ಯುರೋಪಿನ ಹಳೇ ಕಾಲದ ಕಾಲಾಳುಗಳು. ಊರಲ್ಲೇ ಬಹಮನಿಯವರ ಕೋಟೆ ಇಟ್ಟುಕೊಂಡು ಇನ್ಯಾರದೋ ಸೈನ್ಯ ಯಾಕೆ ಆಡಿಸಬೇಕು ಅಂತ, ಇವರನ್ನೇ ಬಹಮನಿ ದಂಡು ಮಾಡಲು ಹೊರಟಿದ್ದೇನೆ. ತಲೆ ಮೇಲಿನ ಕಬ್ಬಿಣದ ಟೋಪಿ ಕತ್ತರಿಸಿ, ನಲ್ಲಿ ಸೋರಿದರೆ ಹಚ್ಚುವ ಎಂ-ಸೀಲ್‌ನಲ್ಲೇ ಪೇಟ ಸುತ್ತಿದೆ. ಬೆರಳಿಗೆ ನೀರು ಮುಟ್ಟಿಸಿಕೊಂಡು ಎಳೆ ಎಳೆಯಾಗಿ ಹೊಸೆದು ಸುತ್ತಿದರೆ ಚೆನ್ನಾಗಿ ಬರುತ್ತೆ, ಆದರೆ ಈ ಬಿಸಿಲಿಗೆ ಬೇಗ ಗಟ್ಟಿಯಾಗುತ್ತೆ, ಹಾಗಾಗಿ ಒಂದು ಸಲಕ್ಕೆ ಎರಡು ತಲೆಗೆ ಆಗುವಷ್ಟೇ ಕಲಸಿ.

ಈಗ ತೊಂದರೆ. ಹನ್ನೆರಡು ಜನಕ್ಕೆ ಬೂದು ಬಣ್ಣದ ಪ್ರೈಮರ್ ಸ್ಪ್ರೇ, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಕೊಡುವ ತಳಪದರ, ಹೊಡೆದೆ. ಒಣಗಿದ ಮೇಲೆ ಬೆರಳಾಡಿಸಿದರೆ ಸಜ್ಜೆ ರೊಟ್ಟಿ ಮೇಲಿನ ಎಳ್ಳು ಸವರಿದ ಹಾಗೆ. ಮುಖದ ಮೂಗು ಬಾಯಿ ಎಲ್ಲ ಮುಚ್ಚಿಹೋಗಿದೆ.

ಎರಡನೆಯದು, ಮೊದಲೇ ಬಣ್ಣ ಮುಗಿಸಿಟ್ಟಿದ್ದ ಆರು ಜನಕ್ಕೆ ಮ್ಯಾಟ್ ವಾರ್ನಿಷ್ ಸ್ಪ್ರೇ, ಅಂದರೆ ಬಣ್ಣ ಕಾಯುವ ಹೊಳಪಿಲ್ಲದ ಮೇಲ್ಪದರ, ಹೊಡೆದೆ. ಅರ್ಧ ಗಂಟೆಯಲ್ಲಿ ಮೈಮೇಲೆ ವಿಭೂತಿ ಬಳಿದ ಹಾಗೆ ಬಿಳಿ. ಬಣ್ಣ ತೆಳು ಮಾಡಲು ಬೋರ್ ನೀರು ಹಾಕಿದ್ದೆ. ನಮ್ಮ ಕಡೆ ಬೋರ್ ನೀರು ಹೇಗಿರುತ್ತೆ ಗೊತ್ತಲ್ಲ, ಬಕೆಟ್ಟಿಗೆಲ್ಲ ಬಿಳಿ ಪದರ. ಅದರದ್ದೇ ಸುಣ್ಣ ಅಂತ ನನ್ನ ಅನುಮಾನ. ಹೌದಾ?

ಯಾದಗಿರಿ ಬ್ರಷ್:

ಪ್ರೈಮರ್ ಎಷ್ಟು ಹೊತ್ತಿಗೆ ಹೊಡೆದಿರಿ? ಎಲ್ಲಿ? ಎಷ್ಟು ದೂರದಿಂದ? ಈಗ ಮುಟ್ಟಿದರೆ ಕೈಗೆ ಅಂಟುತ್ತಾ?

ಮಾಳಿಗೆ ಸೈನ್ಯ:

ಅಂಟಲ್ಲ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮಾಳಿಗೆ ಮೇಲೆ. ಬೇಗ ಒಣಗಲಿ ಅಂತ. ದೂರ ಒಂದೂವರೆ ಅಡಿ ಇರಬಹುದು, ಹತ್ತಿರ ಹೊಡೆದರೆ ಇಳಿಯುತ್ತೆ ಅಂತ ಭಯ.

ಯಾದಗಿರಿ ಬ್ರಷ್:

ಏಪ್ರಿಲ್ ತಿಂಗಳು, ಕಲಬುರಗಿ, ಮಧ್ಯಾಹ್ನ ಒಂದು ಗಂಟೆ, ಮಾಳಿಗೆ! ಅಲ್ಲಿ ಹಪ್ಪಳ ಒಣಗಿಸ್ತಾರೆ, ಪ್ರೈಮರ್ ಹೊಡೆಯಲ್ಲ.

ತಮಾಷೆ ಬಿಡಿ. ಕೈಗೆ ಅಂಟಲ್ಲ ಅಂದರೆ ಒಂದು ಅನುಮಾನ ಹೋಯಿತು. ಮೆತ್ತನೆ ಪಿವಿಸಿ ಗೊಂಬೆಗಳಿಗೆ ಕೆಲವು ಸ್ಪ್ರೇ ಆಗಿಬರಲ್ಲ, ವಾರಗಟ್ಟಲೆ ಜಿಗುಟು ಹೋಗಲ್ಲ. ನಿಮ್ಮದು ಅದಲ್ಲ. ನಿಮ್ಮದು ಬಿಸಿಲಿನ ಕೆಲಸ. ಡಬ್ಬಿಯಿಂದ ಹೊರಟ ಹನಿ ಗೊಂಬೆ ಮುಟ್ಟುವಷ್ಟರಲ್ಲಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಂದು ಕೂರುತ್ತೆ. ಹಸಿಯಾಗಿ ಬಿದ್ದಿದ್ದರೆ ಹರಡಿ ನುಣ್ಣಗಾಗುತ್ತಿತ್ತು. ದೂರ ಜಾಸ್ತಿಯಾದಷ್ಟೂ ಈ ಪುಡಿ ಜಾಸ್ತಿ. ಗಾಳಿ ಇದ್ದರಂತೂ ಕೇಳೋದೇ ಬೇಡ.

ಬೆಳಿಗ್ಗೆ ಆರು, ಆರೂವರೆಗೆ ಹೊಡೆಯಿರಿ. 15ರಿಂದ 20 ಸೆಂಟಿಮೀಟರ್ ದೂರ, ಅಂದರೆ ಒಂದು ಗೇಣು. ಡಬ್ಬಿಯನ್ನು ಎರಡು ನಿಮಿಷ ಪೂರ್ತಿ ಅಲ್ಲಾಡಿಸಿ. ಒಂದೇ ಕಡೆ ಹಿಡಿದು ನಿಲ್ಲಬೇಡಿ, ಗೊಂಬೆಯ ಆಚೆ ಶುರು ಮಾಡಿ ಈಚೆ ಬಿಡಿ, ತೆಳು ಪದರ ಎರಡು ಮೂರು. ಮೊದಲು ಒಂದು ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ನೋಡಿ, ಚಮಚ ನುಣ್ಣಗೆ ಬಂದರೆ ಮಾತ್ರ ಸೈನಿಕರನ್ನು ಹೊರಗೆ ತನ್ನಿ. ಮತ್ತೆ ಡಬ್ಬಿಯನ್ನು ಬಿಸಿಲಲ್ಲಿ ಫರಸಿ ಕಲ್ಲಿನ ಮೇಲೆ ಇಡಬೇಡಿ. 50 ಡಿಗ್ರಿ ಮೀರಬಾರದು ಅಂತ ಡಬ್ಬಿ ಮೇಲೇ ಬರೆದಿರುತ್ತೆ, ನಮ್ಮ ಕಡೆ ಕಾದ ಕಲ್ಲು ಅದನ್ನು ಸುಲಭವಾಗಿ ಮೀರುತ್ತೆ.

ಬಿದ್ರಿಕಪ್ಪು, ಬೀದರ್:

ಪ್ರೈಮರ್ ಬಗ್ಗೆ ಅವರು ಹೇಳಿದ್ದು ಸರಿ. ನಾನಂತೂ ಬೇಸಿಗೆಯಲ್ಲಿ ಸ್ಪ್ರೇ ಮುಟ್ಟೋದೇ ಇಲ್ಲ, ಬ್ರಷ್‌ನಿಂದ ಹಚ್ಚುವ ಪ್ರೈಮರ್ ಸಾಕು. ನಿಧಾನ, ಆದರೆ ತಲೆನೋವಿಲ್ಲ.

ಬಿಳಿ ಬಗ್ಗೆ ಒಂದು ಪ್ರಶ್ನೆ ತಮ್ಮಾ. ವಾರ್ನಿಷ್ ಹೊಡೆಯೋ ಮುಂಚೆ ತೆಗೆದ ಫೋಟೋ ಇದೆಯಾ? ಅದರಲ್ಲಿ ಬಿಳಿ ಇತ್ತಾ? ಮತ್ತೆ ಆ ಬಿಳಿ ಮೈಗೆಲ್ಲ ಒಂದೇ ಸಮ ಇದೆಯಾ?

ಮಾಳಿಗೆ ಸೈನ್ಯ:

ಫೋಟೋ ಇದೆ ಅಣ್ಣಾ. ಅದರಲ್ಲಿ ಏನೂ ಇಲ್ಲ, ಕೆಂಪು ಕೆಂಪಾಗೇ ಇದೆ. ನೀವು ಕೇಳಿದ ಮೇಲೆ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ನೋಡಿದೆ. ವಿಚಿತ್ರ, ಎಲ್ಲರಿಗೂ ಎಡಗಡೆಯೇ ಜಾಸ್ತಿ. ಗುರಾಣಿ, ಎಡ ಭುಜ, ಪೇಟದ ಎಡ ಮಡಿಕೆ. ಬಲಗಡೆ ಕತ್ತಿ ಕೈ ಹೆಚ್ಚುಕಡಿಮೆ ಚೊಕ್ಕ.

ಬಿದ್ರಿಕಪ್ಪು:

ಎಡಗಡೆ ಏನಿತ್ತು?

ಮಾಳಿಗೆ ಸೈನ್ಯ:

ಅಯ್ಯೋ. ಕೂಲರ್.

ಮಾಳಿಗೆ ಮೇಲೆ ಒಮ್ಮೆ ಕೆಟ್ಟಿತಲ್ಲ ಅಂತ ಈ ಸಲ ಒಳಗೆ ಪಡಸಾಲೆಯಲ್ಲಿ ಹೊಡೆದೆ. ಕೂಲರ್ ಪೂರ್ತಿ ಸ್ಪೀಡಲ್ಲಿತ್ತು.

ಬಿದ್ರಿಕಪ್ಪು:

ಅದೇ ನೋಡಿ. ಕೂಲರ್ ಅಂದರೆ ನೀರಲ್ಲಿ ನೆನೆದ ಗಾಳಿ. ಒಣಗುತ್ತಿರುವ ಮ್ಯಾಟ್ ವಾರ್ನಿಷ್‌ಗೆ ತೇವ ಸಿಕ್ಕರೆ ಹೀಗೇ ಮಂಜು ಹಿಡಿಯುತ್ತೆ. ಮಳೆಗಾಲದಲ್ಲಿ ಎಲ್ಲರಿಗೂ ಆಗೋದು ನಿಮಗೆ ಬೇಸಿಗೆಯಲ್ಲೇ ಆಯಿತು, ಅಷ್ಟೇ. ಬೋರ್ ನೀರನ್ನು ಸುಮ್ನೆ ಬೈಯಬೇಡಿ. ನೀರಿನ ಸುಣ್ಣವಾಗಿದ್ದರೆ ವಾರ್ನಿಷ್‌ಗೆ ಮುಂಚೆಯೇ ಕಾಣಬೇಕಿತ್ತು, ಅದೂ ತೆಳು ಬಣ್ಣ ನಿಂತು ಒಣಗಿದ ಸಂದಿಗಳಲ್ಲಿ ಗೆರೆ ಗೆರೆಯಾಗಿ. ಹಾಗಿದ್ದರೂ ಬಣ್ಣಕ್ಕೆ ಫಿಲ್ಟರ್ ನೀರು ಹಾಕಿ, ಒಂದು ಲೋಟ ಖರ್ಚಾಗಲ್ಲ.

ಅಳಿಸಬೇಡಿ, ಸರಿಹೋಗುತ್ತೆ. ಬಿದ್ರಿ ಸಾಮಾನು ನೋಡಿದ್ದೀರಲ್ಲ, ಅದರಲ್ಲಿ ಕಪ್ಪು ಬಳಿಯೋದಲ್ಲ. ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಲ್ಲಿ ಹಾಕಿದರೆ ಸತುವಿನ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಕೊನೆಗೆ ಎಣ್ಣೆ ಸವರಿ ಉಜ್ಜಿದಾಗಲೇ ಆ ಕಪ್ಪು ಎದ್ದು ಕಾಣೋದು. ನಿಮ್ಮ ಸೈನಿಕರಿಗೂ ಬೇಕಾಗಿರೋದು ಅಂಥದ್ದೇ ಒಂದು ಕೈ. ಬಿಳಿ ಅಂತ ಕಾಣೋದು ಮೇಲ್ಮೈಯ ಸಣ್ಣ ಒರಟು, ಬಣ್ಣ ಕೆಳಗೆ ಚೆನ್ನಾಗೇ ಇದೆ. ಹೊಳಪಿನ ವಾರ್ನಿಷ್ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ಆ ಒರಟು ತುಂಬಿಕೊಂಡು ಕೆಂಪು ವಾಪಸ್ ಬರುತ್ತೆ. ಒಂದು ದಿನ ಬಿಟ್ಟು ಮತ್ತೆ ಮ್ಯಾಟ್, ಈ ಸಲ ಕೂಲರ್ ಬಂದ್ ಮಾಡಿ ಬೆಳಿಗ್ಗೆ ಹೊರಗೆ. ಮನೆ ಒಳಗೆ ಸ್ಪ್ರೇ ಹೊಡೆಯಲೇಬೇಡಿ, ಅದು ಬೆಂಕಿ ಹತ್ತುವ ಗ್ಯಾಸು, ಹೊರಗಾದರೂ ಮಾಸ್ಕ್ ಹಾಕಿ.

ಮಾಳಿಗೆ ಸೈನ್ಯ:

ಉಸುಕು ಹಿಡಿದ ಹನ್ನೆರಡು ಜನರ ಗತಿ? ಥಿನ್ನರ್‌ನಲ್ಲಿ ಅದ್ದಲಾ?

ಯಾದಗಿರಿ ಬ್ರಷ್:

ಬೇಡ ಬೇಡ ಬೇಡ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಎರಡೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಅವು ಲೋಹದ ಗೊಂಬೆಗೆ ಮಾತ್ರ. ನೀವು ಡೆಟಾಲ್‌ನಲ್ಲಿ, ನೀರು ಬೆರೆಸದೆ, ಒಂದು ರಾತ್ರಿ ಮುಳುಗಿಸಿಡಿ. ಗಾಜಿನ ಉಪ್ಪಿನಕಾಯಿ ಬಾಟಲಿ ಸಾಕು. ಬೆಳಿಗ್ಗೆ ಕೈಗವಸು ಹಾಕಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಮುಖ್ಯವಾದ್ದು, ತೆಗೆದ ಕೂಡಲೇ ನೀರಿಗೆ ಹಿಡಿಯಬೇಡಿ. ಬಿಟ್ಟ ಬಣ್ಣಕ್ಕೆ ನೀರು ಬಿದ್ದರೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತೆ, ನಾನು ಒಮ್ಮೆ ಅನುಭವಿಸಿದ್ದೇನೆ. ಡೆಟಾಲ್‌ನಲ್ಲೇ ಉಜ್ಜಿ, ಡೆಟಾಲ್‌ನಲ್ಲೇ ಜಾಲಿಸಿ, ಪೂರ್ತಿ ಚೊಕ್ಕವಾದ ಮೇಲೆ ಪಾತ್ರೆ ಸೋಪು, ನೀರು. ಮೊದಲು ಒಬ್ಬನನ್ನು ಮಾತ್ರ ಹಾಕಿ ನೋಡಿ. ಉಸುಕು ಕಡಿಮೆ ಇರುವವರನ್ನು ಅದ್ದೋದೂ ಬೇಡ, ಒಣ ಬ್ರಷ್‌ನಿಂದ ಜೋರಾಗಿ ಉಜ್ಜಿದರೆ ಅರ್ಧ ಉದುರುತ್ತೆ.

ಮಾಳಿಗೆ ಸೈನ್ಯ (ಒಂಬತ್ತು ದಿನದ ನಂತರ):

ವರದಿ ಒಪ್ಪಿಸ್ತೀನಿ. ಬಿಳಿಚಿಕೊಂಡ ಆರು ಜನ ಹೊಳಪು ವಾರ್ನಿಷ್ ಮುಟ್ಟಿಸಿದ ಕೂಡಲೇ ಕೆಂಪಾದರು, ಕಣ್ಣೆದುರಿಗೇ. ಒಬ್ಬನ ಗುರಾಣಿಯ ಅಂಚಲ್ಲಿ ಸ್ವಲ್ಪ ಉಳಿದಿದೆ, ಧೂಳು ಅಂದುಕೊಳ್ತೀನಿ. ಉಸುಕಿನವರಲ್ಲಿ ಎಂಟು ಜನ ಡೆಟಾಲ್ ಸ್ನಾನ ಮುಗಿಸಿದರು. ಎರಡು ಪೇಟ ಉಜ್ಜುವಾಗ ಕಿತ್ತು ಬಂದವು, ಮತ್ತೆ ಅಂಟಿಸಿದೆ. ಉಳಿದ ನಾಲ್ವರು ಒಣ ಬ್ರಷ್‌ಗೇ ಸರಿಹೋದರು. ಬೆಳಿಗ್ಗೆ ಆರಕ್ಕೆ ಎದ್ದು ಮೂರು ಚಮಚಕ್ಕೆ ಹೊಡೆದೆ, ಮೂರನೆಯದು ನುಣ್ಣಗೆ ಬಂತು. ಒಂದು ಗೇಣು ಅಂದರೆ ಎಷ್ಟು ಹತ್ತಿರ ಅಂತ ಆಗಲೇ ಗೊತ್ತಾಗಿದ್ದು.

ಮನೆ ತುಂಬ ಆಸ್ಪತ್ರೆ ವಾಸನೆ. ಯಾರಿಗೆ ಹುಷಾರಿಲ್ಲ ಅಂತ ಪಕ್ಕದ ಮನೆ ಅಜ್ಜಿ ಕೇಳಿಕೊಂಡು ಬಂದಿದ್ದರು.

ಬಿದ್ರಿಕಪ್ಪು:

ಚಮಚಗಳನ್ನು ಎಸೆಯಬೇಡಿ, ಬಣ್ಣ ಪರೀಕ್ಷೆಗೆ ಬರುತ್ತವೆ. ಕುದುರೆ ಸವಾರರನ್ನು ಶುರು ಮಾಡಿದಾಗ ಫೋಟೋ ಹಾಕಿ.