ಸಹಾಯ ಬೇಕು: ಮಗುವಿನ ನೋಟ ಅಳೆಯುವ ಕೋಣೆಗೆ ಮಳೆ ಸದ್ದಿನ ಕಾಟ

ಮಡಿಕೇರಿ ಹತ್ತಿರ, 6ರಿಂದ 9 ತಿಂಗಳ ಮಕ್ಕಳ ನೋಟದ ಅವಧಿ ಅಳೆಯುವ ಕೋಣೆ ಸಜ್ಜಾಗುತ್ತಿದೆ. ಮಗು ಅಮ್ಮನ ಮಡಿಲಲ್ಲಿ, ಪರದೆಯಿಂದ ಸುಮಾರು 60 ಸೆಂ.ಮೀ. ದೂರ. ಒಂದೇ ಚಿತ್ರವನ್ನು ಸರದಿಯಂತೆ ಮತ್ತೆ ಮತ್ತೆ ತೋರಿಸುತ್ತೇವೆ; ಮಗು ಸತತ 2 ಸೆಕೆಂಡ್ ಬೇರೆಡೆ ನೋಡಿದರೆ ಆ ಸರದಿ ಮುಗಿದಂತೆ. ಕೊನೆಯ 3 ಸರದಿಗಳ ಒಟ್ಟು ನೋಟ ಮೊದಲ 3ರ ಅರ್ಧಕ್ಕಿಂತ ಕಮ್ಮಿಯಾದಾಗ, ಮಗುವಿಗೆ ಬೇಸರ ಬಂತೆಂದು ಹೊಸ ಚಿತ್ರ.

ತೊಂದರೆ ತಗಡಿನ ಮಾಡಿನದು. ಜೋರು ಮಳೆ ಹೊಡೆದರೆ ಮಗು ಮೇಲೆ ನೋಡುತ್ತದೆ, ಲೆಕ್ಕದಲ್ಲಿ ಅದು ಬೇಸರ ಅಂತ ಸೇರಿಬಿಡುತ್ತದೆ! ಫೋಮ್ ಅಂಟಿಸಿ ಅನ್ನಬೇಡಿ. ಅದು ಒಳಗಿನ ಪ್ರತಿಧ್ವನಿ ತಗ್ಗಿಸುತ್ತದೆ ಅಷ್ಟೆ, ಹೊರಗಿನ ಸದ್ದು ತಡೆಯಲು ತೂಕದ ಪದರವೇ ಬೇಕು. ತಗಡಿನಡಿ ಗ್ಲಾಸ್ ವೂಲ್, ಅದರ ಕೆಳಗೆ ಎರಡು ಪದರ ಜಿಪ್ಸಂ ಬೋರ್ಡ್ ಹಾಕುವ ಯೋಚನೆ ಇದೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿಗೆ ಬೂಷ್ಟು ಹಿಡಿಯದ ಹಾಗೆ ಇದನ್ನು ಕೂರಿಸಿದವರು ಯಾರಾದರೂ ಇದ್ದೀರಾ? ಗಾಳಿಗೆ ಎಷ್ಟು ಸಂದು ಬಿಟ್ಟಿರಿ?

ಮಗುವಿನ ನೋಟ ಹಿಡಿಯುವ ಕ್ಯಾಮೆರಾದಲ್ಲಿ ಎಲ್‌ಇಡಿ ದೀಪದ ಪಟ್ಟೆ ಬರುತ್ತಿತ್ತು, ಶಟರ್ 1/50 ಸೆಕೆಂಡಿಗೆ ಇಟ್ಟ ಮೇಲೆ ಹೋಯಿತು. ಅದಕ್ಕೆ ಸಲಹೆ ಬೇಡ.

ಇನ್ನೊಂದು ಕೋರಿಕೆ. ಒಪ್ಪಿಗೆ ಪತ್ರವನ್ನು ಕೊಡವ ತಕ್ಕ್, ಅರೆಭಾಷೆಗಳಲ್ಲಿ ಬಾಯಿಮಾತಾಗಿ ವಿವರಿಸಬೇಕು. "ಮಧ್ಯದಲ್ಲಿ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು" ಎಂಬ ಸಾಲು ಮನೆಮಾತಿನಲ್ಲಿ ಒರಟಾಗಿ ಕೇಳದಂತೆ ಹೇಳಿಕೊಡುವವರು ದಯವಿಟ್ಟು ಇಲ್ಲೇ ಬರೆಯಿರಿ.